ಎರಡು ಲಿಂಕ್ ಅಷ್ಟೇ ಅಲ್ವಾ

ಕೂದಲು ತೀರಾ ಗಿಡ್ಡವಾಗಿ ಕತ್ತರಿಸಿಬಿಟ್ಟರೆ ಒಂದು ತಿಂಗಳು ಟೋಪಿ ಹಾಕಿಕೊಂಡು ತಿರುಗಬಹುದು. ಮತ್ತೆ ಬೆಳೆಯುತ್ತದೆ. ಸೈಕಲ್ ಚೈನ್ ಬೆಳೆಯುವುದಿಲ್ಲ. ಅಂದರೆ, ಬೆಳೆಯುತ್ತದೆ. ಆದರೆ ನಮಗೆ ಬೇಕಾದಾಗ ಅಲ್ಲ.

ನನ್ನದು ಮೌಂಟನ್ ಬೈಕ್. ಮುಂದೆ ಪೆಡಲಿನ ಹತ್ತಿರ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು ಗೇರ್, ಹಿಂದಿನ ಚಕ್ರಕ್ಕೂ ಶಾಕ್. ಹಳೆಯ ಚೈನ್ ಸವೆದಿತ್ತು, ಹೊಸದು ತಂದೆ. ಪೆಟ್ಟಿಗೆಯ ಮೇಲೆ 126 ಲಿಂಕ್ ಎಂದು ಬರೆದಿತ್ತು. ಎಂಥಾ ಸೈಕಲ್ಲಿಗೂ ಸಾಲಲಿ ಎಂದು ಉದ್ದವಾಗಿಯೇ ಕೊಡುತ್ತಾರೆ, ನಮ್ಮ ಅಳತೆಗೆ ನಾವು ಕತ್ತರಿಸಿಕೊಳ್ಳಬೇಕು. ಪ್ಯಾಂಟಿನ ಕಾಲು ಗಿಡ್ಡ ಮಾಡಿದ ಹಾಗೆ. ನಾನು ಗಿಡ್ಡ ಮಾಡಿದ ಪ್ಯಾಂಟುಗಳನ್ನು ನೋಡಿದ್ದ ಹೆಂಡತಿ, "ನೀವೇ ಮಾಡ್ತೀರಾ?" ಎಂದು ಕೇಳಿದಳು. ಒತ್ತೆಲ್ಲ "ನೀವೇ" ಮೇಲಿತ್ತು.

ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿದೆ. ಎರಡನ್ನೂ ಸಮ ಹಿಡಿದು ಕತ್ತರಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಲಿಂಕಿಗೆ ಲಿಂಕ್ ಹೊಂದಿಸುತ್ತಾ ಕೆಳಗೆ ಬಂದರೆ ಹಳೆಯದು ಮೆಲ್ಲಗೆ ಜಾರತೊಡಗಿತು. ಮೇಲೆ ಸಮ, ನಡುವೆ ಅರ್ಧ ಲಿಂಕ್ ಆಚೀಚೆ, ತುದಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಲಿಂಕ್ ವ್ಯತ್ಯಾಸ. ಚೈನ್ ಬೆಳೆಯುತ್ತದೆ ಎಂದೆನಲ್ಲ, ಇದೇ. ಲಿಂಕಿನ ತಗಡೇನೂ ಹಿಗ್ಗುವುದಿಲ್ಲ. ಪಿನ್ನೂ ಅದು ತಿರುಗುವ ಜಾಗವೂ ಸವೆದು, ಪ್ರತಿ ಲಿಂಕಿನಲ್ಲೂ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಒಂದು ಲಿಂಕ್ ಎಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಶೇಕಡಾ 0.75ರಷ್ಟು ಸವೆದರೂ 116 ಲಿಂಕಿನ ಚೈನ್ 11 ಮಿಲಿಮೀಟರ್ ಉದ್ದವಾಗಿರುತ್ತದೆ. ಹಳೆಯ ಚೈನನ್ನು ನಂಬಬಹುದು, ಅದರ ಉದ್ದವನ್ನಲ್ಲ. ಎಣಿಸಲೇಬೇಕು.

ಎಣಿಸಲು ಕೂತೆ. ಮೊದಲ ಸಲ 115 ಬಂತು. ಎರಡನೆಯ ಸಲ 116. ಮೂರನೆಯ ಸಲ ಎಪ್ಪತ್ತರ ಹತ್ತಿರ ಬಂದಿದ್ದೆ, ಮಗಳು ಬಂದು "ಅಪ್ಪಾ, ಏಳೆಂಟಲ ಎಷ್ಟು?" ಎಂದಳು. ಐವತ್ತಾರು ಎಂದೆ. ಮುಂದಿನ ಲಿಂಕಿಗೆ ಐವತ್ತೇಳು ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು, 115, 116 ಎರಡೂ ಸರಿಯೇ. ಚೈನಿನಲ್ಲಿ ಒಂದು ಒಳ ಲಿಂಕ್, ಒಂದು ಹೊರ ಲಿಂಕ್, ಹೀಗೇ ಸಾಗುತ್ತದೆ. ಬಿಚ್ಚಿದ ಚೈನಿನ ಎರಡೂ ತುದಿಗೆ ಒಳ ಲಿಂಕ್. ಅವೆರಡನ್ನು ಕೂಡಿಸುವ ಕ್ವಿಕ್ ಲಿಂಕ್ ಕೂಡ ಒಂದು ಹೊರ ಲಿಂಕೇ, ಪೆಟ್ಟಿಗೆಯ ಮೇಲಿನ 126ರಲ್ಲೂ ಅದು ಸೇರಿತ್ತು. ಅದನ್ನು ಒಮ್ಮೆ ಲೆಕ್ಕಕ್ಕೆ ಹಿಡಿದಿದ್ದೆ, ಒಮ್ಮೆ ಬಿಟ್ಟಿದ್ದೆ. ಸರಿ, ಹೊಸದರಲ್ಲಿ 115 ಉಳಿಸಬೇಕು. ಎಣಿಸಿದೆ, ಕಟರ್ ಇಟ್ಟೆ, ಹಿಡಿ ತಿರುಗಿಸಿದೆ. ಪಿನ್ನು ಟಕ್ಕನೆ ಹೊರಬಿತ್ತು.

ಕೈಯಲ್ಲಿದ್ದ ತುದಿ ನೋಡಿದೆ. ಹೊರ ಲಿಂಕ್! 115ನೆಯ ಲಿಂಕಿನ ಆಚೆಯ ಪಿನ್ನು ತೆಗೆಯುವ ಬದಲು ಈಚೆಯದನ್ನು ತೆಗೆದಿದ್ದೆ. ಉಳಿದದ್ದು 114. ಒಂದು ಕಡೆ ಒಳ ಲಿಂಕ್, ಇನ್ನೊಂದು ಕಡೆ ಹೊರ ಲಿಂಕ್, ಇದಕ್ಕೆ ಕ್ವಿಕ್ ಲಿಂಕ್ ಕೂರುವುದೇ ಇಲ್ಲ. ಹೊರಬಿದ್ದ ಪಿನ್ನನ್ನು ಮತ್ತೆ ತುರುಕುವ ಹಾಗೂ ಇಲ್ಲ, ನಾಳೆ ಅಲ್ಲೇ ಕಿತ್ತು ಬರುತ್ತದೆ. ದಾರಿ ಒಂದೇ, ಇನ್ನೊಂದು ಲಿಂಕ್ ತೆಗೆಯುವುದು. ತೆಗೆದೆ. 113.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಎಣಿಸಲು ಬಾರದವನು ಆಗಿರುತ್ತಿದ್ದೆ. ಆದರೆ ತಪ್ಪು ಮಾಡಿದವನಿಗೆ ಅದು ತಪ್ಪೇ ಅಲ್ಲ ಎಂದು ಸಾಧಿಸುವ ಚಪಲ ಇರುತ್ತದೆ ನೋಡಿ. ಚೈನ್ ಅಳೆಯಲು ಒಂದು ಹೆಸರುವಾಸಿ ಲೆಕ್ಕ ಇದೆ. ಚೈನನ್ನು ಡಿರೇಲರ್ (ಹಿಂದೆ ಗೇರ್ ಬದಲಿಸುವ, ಚೈನನ್ನು ಬಿಗಿ ಹಿಡಿಯುವ ತೋಳು) ಒಳಗೆ ತೂರಿಸದೆ, ಮುಂದಿನ ದೊಡ್ಡ ಹಲ್ಲುಚಕ್ರ ಮತ್ತು ಹಿಂದಿನ ದೊಡ್ಡ ಹಲ್ಲುಚಕ್ರ ಸುತ್ತಿಸಿ, ತುದಿಗಳು ಕೂಡುವಲ್ಲಿಗೆ ಎರಡು ಲಿಂಕ್ ಸೇರಿಸಬೇಕು. ಸುತ್ತಿಸಿ ನೋಡಿದೆ. ಎರಡು ಲಿಂಕ್ ಜಾಸ್ತಿಯೇ ಇತ್ತು! ಅಂದರೆ ಹಳೆಯ ಚೈನೇ ಉದ್ದ ಇತ್ತು, ನಾನು ಕೈತಪ್ಪಿ ಸರಿಯಾಗಿ ಕತ್ತರಿಸಿದ್ದೆ. ಆದರೆ ಹಿಂದೆ ಶಾಕ್ ಇರುವ ಸೈಕಲ್ಲಿಗೆ ಈ ಲೆಕ್ಕಕ್ಕೊಂದು ಬಾಲ ಇದೆ. ಶಾಕಿನ ಗಾಳಿ ಬಿಟ್ಟು, ಸೈಕಲ್ಲನ್ನು ಒತ್ತಿ ಕೂರಿಸಿ, ಪೆಡಲಿನ ಅಚ್ಚಿಗೂ ಹಿಂದಿನ ಚಕ್ರದ ಅಚ್ಚಿಗೂ ಅಂತರ ಎಲ್ಲಿ ಅತಿ ಜಾಸ್ತಿ ಆಗುತ್ತದೋ ಅಲ್ಲಿ ಅಳೆಯಬೇಕು. ಅದನ್ನು ಓದಿದ್ದೆ. ಪಂಪ್ ಹುಡುಕಲು ಬೇಸರವಾಗಿತ್ತು.

ಚೈನ್ ತೂರಿಸಿದೆ. ಪೆಡಲ್ ತಿರುಗಿಸಿದರೆ ಕರಕರ ಸದ್ದು. ಡಿರೇಲರಿನ ಎರಡು ಪುಟ್ಟ ಗಾಲಿಗಳ ನಡುವೆ ಒಂದು ಚಿಕ್ಕ ನಾಲಿಗೆ ಇರುತ್ತದೆ, ಅದರ ತಪ್ಪು ಬದಿಯಿಂದ ತೂರಿಸಿದ್ದೆ. ಇದನ್ನು ಎಲ್ಲರೂ ಒಮ್ಮೆ ಮಾಡುತ್ತಾರೆ. ನಾನು ನಾಲ್ಕನೆಯ ಸಲ ಮಾಡಿದೆ.

ಮಾರನೆಯ ದಿನ ಗುಡ್ಡ ಹತ್ತಿದೆ. ದಿಣ್ಣೆ ಕಡಿದಾದಾಗ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದೆ. ಬಗ್ಗಿ ನೋಡಿದರೆ ಡಿರೇಲರಿನ ತೋಳು ಮುಂದಕ್ಕೆ ಚಾಚಿಕೊಂಡಿದೆ, ಅಟ್ಟದ ಮೇಲಿನ ಡಬ್ಬಿಗೆ ತುದಿಗಾಲಲ್ಲಿ ನಿಂತು ಕೈ ಚಾಚಿದ ಹಾಗೆ. ಚೈನನ್ನು ಬೆರಳಲ್ಲಿ ಮಿಡಿದರೆ ತಂಬೂರಿಯಂತೆ ನುಡಿದೀತು. ಎರಡು ಲಿಂಕ್ ಅಷ್ಟೇ ಅಲ್ವಾ, ಎಂದುಕೊಂಡು ಮುಂದೆ ತುಳಿದೆ. ನೆತ್ತಿಯ ಹತ್ತಿರ ಒಂದು ಹಳ್ಳ. ಹಿಂದಿನ ಚಕ್ರ ಅದರೊಳಗೆ ಧುಮುಕಿತು, ಶಾಕ್ ಕುಗ್ಗಿತು, ಚಕ್ರ ಹಿಂದಕ್ಕೆ ಸರಿಯಿತು. ಚೈನಿಗೆ ಸರಿಯಲು ಜಾಗವೇ ಇರಲಿಲ್ಲ. ಪಟ್ ಎಂದಿತು. ಡಿರೇಲರನ್ನು ಹಿಡಿದಿರುವ ಹ್ಯಾಂಗರ್ ಎಂಬ ತುಂಡು ಮುರಿದಿತ್ತು. ಪಾಪ, ಅದನ್ನು ಮಾಡಿಟ್ಟಿರುವುದೇ ಅದಕ್ಕೆ. ಡಿರೇಲರೂ ಸೈಕಲ್ಲಿನ ಚೌಕಟ್ಟೂ ಉಳಿಯಲಿ ಎಂದು ತಾನು ಮುರಿದುಕೊಳ್ಳುತ್ತದೆ. ಡಿರೇಲರ್ ಚೈನಿಗೆ ಜೋತುಬಿದ್ದು ತೂಗಾಡುತ್ತಿತ್ತು.

ಚೈನ್ ಗಿಡ್ಡ ಮಾಡಿ, ಡಿರೇಲರ್ ಬಿಟ್ಟು ಒಂದೇ ಗೇರಿನಲ್ಲಿ ಹೇಗೋ ಮನೆ ಸೇರಲು ನೋಡಬಹುದಿತ್ತು. ಅದಕ್ಕೆ ಬೇಕಾದ ಕಟರ್ ಮನೆಯ ನೆಲದ ಮೇಲೆ ಬಿದ್ದಿತ್ತು. ಇಳಿಜಾರಿನಲ್ಲಿ ಕೂತು ಜಾರಿದೆ, ಉಳಿದ ಕಡೆ ತಳ್ಳಿದೆ. ಇಳಿಜಾರು ಬೇಗ ಮುಗಿಯಿತು.

ರಾತ್ರಿ ಗೆಳೆಯನಿಗೆ ಫೋನ್ ಮಾಡಿ ಇನ್ನೊಂದು ಚೈನ್ ಕೊಳ್ಳಬೇಕಾ ಎಂದು ಕೇಳಿದೆ. ಅವನು ನಕ್ಕು ಮುಗಿಸಿ, "ಯಾಕೋ? ಇನ್ನೊಂದು ಕ್ವಿಕ್ ಲಿಂಕ್ ಇದ್ಯಾ? ಉಳಿದ ತುಂಡಲ್ಲಿ ಒಂದೇ ಒಂದು ಒಳ ಲಿಂಕ್ ತಗೋ ಸಾಕು" ಎಂದ. ಲೆಕ್ಕ ಹಾಕಿದೆ. 113, ಒಂದು ಕ್ವಿಕ್ ಲಿಂಕ್, ಒಂದು ಒಳ ಲಿಂಕ್, ಇನ್ನೊಂದು ಕ್ವಿಕ್ ಲಿಂಕ್. 116! ಮೊದಲ ದಿನವೇ ಇವನನ್ನು ಕೇಳಿದ್ದರೆ ಹ್ಯಾಂಗರ್ ಬದುಕುತ್ತಿತ್ತು. ಎರಡನೆಯ ಕ್ವಿಕ್ ಲಿಂಕ್ ನನ್ನ ಹತ್ತಿರ ಇತ್ತು, ಒಂದಿರಲಿ ಎಂದು ಕೊಂಡಿದ್ದೆ. ಕತ್ತರಿಸಿದಾಗ ಉಳಿದ 11 ಲಿಂಕಿನ ತುಂಡೂ ಇತ್ತು. ಎರಡನ್ನೂ ಮೇಜಿನ ಮೇಲೆ ಇಟ್ಟ ನೆನಪು. ಹೋಗಿ ನೋಡಿದರೆ ಎರಡೂ ಇಲ್ಲ.

ಮಗಳು ಮಲಗಿದ್ದಳು. ಹೊದಿಕೆಯಿಂದ ಆಚೆ ಬಂದಿದ್ದ ಕೈಯಲ್ಲಿ ಚೈನಿನ ಬಳೆ. 11 ಲಿಂಕ್, ಕೂಡಿಸಲು ಒಂದು ಕ್ವಿಕ್ ಲಿಂಕ್. ಮಣಿಕಟ್ಟಿಗೆ ಬಿಗಿಯೂ ಇಲ್ಲ, ಸಡಿಲವೂ ಇಲ್ಲ, ಹೇಳಿ ಮಾಡಿಸಿದ ಹಾಗಿತ್ತು. ಮೆಲ್ಲಗೆ ಬಿಚ್ಚಲು ಹೋದೆ, ಎಚ್ಚರವಾಯಿತು.

"ಬಿಚ್ಚಬೇಡಪ್ಪಾ," ಎಂದಳು ಕಣ್ಣುಜ್ಜಿಕೊಳ್ಳುತ್ತಾ, "ಅಳತೆ ಸರಿಯಾಗಿದೆ."