ಆಲ್ಫಾ 0.91 ಬಂತಂತೆ, ಹೊಡೀರಿ ಚಪ್ಪಾಳೆ

ಈಗಷ್ಟೇ ಒಂದು ಆನ್‌ಲೈನ್ ವಿಚಾರಸಂಕಿರಣ ಮುಗೀತು. ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ಪಕ್ಕದ ಕೋಣೆಯವರು ಬಂದು ಇಣುಕಿದರು. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆಯಲ್ಲ.

ಸಂಶೋಧಕರೊಬ್ಬರು ಸಿಟ್ಟಿನ ಸ್ವಭಾವ ಅಳೆಯೋಕೆ ಹೊಸ ಪ್ರಶ್ನಾವಳಿ ಮಾಡಿದ್ದರು. 'ನನಗೆ ಬೇಗ ಸಿಟ್ಟು ಬರುತ್ತದೆ.' 'ನಾನು ಸುಲಭವಾಗಿ ಕೋಪಗೊಳ್ಳುತ್ತೇನೆ.' 'ಸಣ್ಣಪುಟ್ಟ ವಿಷಯಕ್ಕೂ ನನಗೆ ರೇಗುತ್ತದೆ.' ಹೀಗೇ 20. ನಿಘಂಟು ಮುಂದಿಟ್ಟುಕೊಂಡು ಬರೆದ ಹಾಗಿತ್ತು. 18ನೆಯದಕ್ಕೆ ಬರೋ ಹೊತ್ತಿಗೆ ನನಗೆ ನಿಜವಾಗಲೂ ರೇಗಿತ್ತು, ಆ ಮಟ್ಟಿಗೆ ಪ್ರಶ್ನಾವಳಿ ಕೆಲಸ ಮಾಡಿತು ಅನ್ನಿ. ಕೊನೇ ಸ್ಲೈಡ್‌ನಲ್ಲಿ ದಪ್ಪಕ್ಷರ: ಕ್ರಾನ್‌ಬಾಕ್ ಆಲ್ಫಾ 0.91 (ಪ್ರಶ್ನಾವಳಿಗೆ ಕೊಡೋ ಒಂಥರಾ ಅಂಕ, 1ಕ್ಕೆ ಹತ್ತಿರವಾದಷ್ಟೂ ಒಳ್ಳೇದು ಅಂತ ಲೆಕ್ಕ). 'ಅತ್ಯಂತ ವಿಶ್ವಾಸಾರ್ಹ' ಅಂತ ಅಧ್ಯಕ್ಷರ ಶಹಬ್ಬಾಸ್‌ಗಿರಿ ಬೇರೆ.

ಅಲ್ರೀ, ಒಂದೇ ಮಾತನ್ನ 20 ಸಲ ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದದೆ ಇನ್ನೇನಾಗತ್ತೆ? ಪ್ರಶ್ನೆಗಳು ತಮ್ಮತಮ್ಮಲ್ಲಿ ಎಷ್ಟು ಹೊಂದಿಕೊಂಡಿವೆ ಅಂತಷ್ಟೇ ಆಲ್ಫಾ ಹೇಳೋದು. ಅದನ್ನ ಏರಿಸೋಕೆ ಇನ್ನೂ ಸುಲಭದ ದಾರಿ ಇದೆ, ಪ್ರಶ್ನೆ ಜಾಸ್ತಿ ಮಾಡಿ. ಅವುಗಳ ನಡುವಿನ ಸಹಸಂಬಂಧ ಸರಾಸರಿ ಬರೀ 0.2 ಇದ್ದರೂ, 4 ಪ್ರಶ್ನೆಗೆ 0.5 ಬರೋ ಆಲ್ಫಾ 16 ಪ್ರಶ್ನೆಗೆ 0.8 ಆಗತ್ತೆ. ಲೆಕ್ಕ ಹಾಕಿ ನೋಡಿ.

ಅದೇ ಜನಕ್ಕೆ 3 ವಾರ ಬಿಟ್ಟು ಮತ್ತೆ ಕೊಟ್ಟರಾ? ಇಲ್ಲ. ಅವರ ಜೊತೆ ಬದುಕೋರನ್ನ ಕೇಳಿ ತಾಳೆ ನೋಡಿದರಾ? ಅದೂ ಇಲ್ಲ. ಚಾಟ್‌ನಲ್ಲಿ ಕೇಳಿದೆ. 'ಸಮಯದ ಅಭಾವದಿಂದ' ನನ್ನ ಪ್ರಶ್ನೆ ಬಿಟ್ಟುಹೋಯಿತು.

2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದಾಗ, ಮೂಲದಲ್ಲಿ ಶೇ. 97 ಇದ್ದ 'ಸಿಗ್ನಿಫಿಕೆಂಟ್' (ಬರೀ ಆಕಸ್ಮಿಕ ಅನ್ನೋಕಾಗದ) ಫಲಿತಾಂಶ ಶೇ. 36ಕ್ಕೆ ಇಳೀತು. ಆಗಿನಿಂದ ಎಲ್ಲರೂ ಪಿ-ವ್ಯಾಲ್ಯೂ (ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರೋ ಸಂಭವ), ಸಣ್ಣ ಮಾದರಿ, ಪೂರ್ವನೋಂದಣಿ (ಏನು, ಹೇಗೆ ಮಾಡ್ತೀವಿ ಅಂತ ಮೊದಲೇ ಬರೆದಿಡೋದು) ಅಂತ ಮಾತಾಡಿದ್ದೇ ಮಾತಾಡಿದ್ದು. ತಪ್ಪಲ್ಲ. ಆದರೆ ಅಳತೆಗೋಲೇ ರಬ್ಬರಿನದಾದರೆ ಎಷ್ಟು ಸಾವಿರ ಜನರನ್ನ ಅಳೆದು ಏನು ಪ್ರಯೋಜನ? ಇಚ್ಛಾಶಕ್ತಿ ಬಳಸಿದಷ್ಟೂ ಬತ್ತುತ್ತೆ ಅನ್ನೋದಕ್ಕೆ 1998ರಿಂದ ಪ್ರಯೋಗಗಳ ರಾಶಿಯೇ ಬಿತ್ತು. 2016ರಲ್ಲಿ 23 ಲ್ಯಾಬ್‌ಗಳು ಸೇರಿ 2,141 ಜನರ ಮೇಲೆ ಪರೀಕ್ಷಿಸಿದರೆ ಪರಿಣಾಮ ಹೆಚ್ಚುಕಮ್ಮಿ ಸೊನ್ನೆ. ಆಮೇಲೆ ಎದ್ದ ಜಗಳ ಏನು ಗೊತ್ತಾ? ಜನರ ಕೈಲಿ ಮಾಡಿಸಿದ ಟಾಸ್ಕ್ ನಿಜಕ್ಕೂ ಇಚ್ಛಾಶಕ್ತಿಯನ್ನ ದಣಿಸತ್ತಾ ಅಂತ! 18 ವರ್ಷ ಆದಮೇಲೆ!

'ಮನಸ್ಸು ದಿನಕ್ಕೊಂದು ಥರ, ಅದಕ್ಕೆಂಥ ಅಳತೆ' ಅಂತ ಇಲ್ಲೇ ಕೆಲವರು ಶುರುಮಾಡ್ತೀರಿ, ಗೊತ್ತು. ಇವತ್ತಿನ ಮೂಡ್ ಅಳೆಯೋರಿಗೆ ಆ ಮಾತು ಸರಿ. ಇವರು ಅಳೆದದ್ದು ಸ್ವಭಾವ ಕಣ್ರೀ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಇವರ ಪ್ರಶ್ನಾವಳಿಯಲ್ಲಿ 3 ವಾರ ಉಳಿಯತ್ತೋ ಇಲ್ಲವೋ ಅನ್ನೋದಾದರೂ ಬೇಡವಾ?

ಇಷ್ಟು ಕೂಗಾಡೋಕೆ ನನಗೇನು ಹಕ್ಕು ಅಂದರೆ, ಅದನ್ನೂ ಹೇಳಿಬಿಡ್ತೀನಿ. ನನ್ನ ಎಂಎ ಪ್ರಬಂಧದಲ್ಲಿ ಆಲ್ಫಾ ಮೊದಲು ಬಂದದ್ದು 0.64. 'ಎರಡು-ಮೂರು ಪ್ರಶ್ನೆ ಕಿತ್ತುಹಾಕಮ್ಮಾ' ಅಂದರು ಗೈಡ್. ಮೂರು ಕಿತ್ತೆ, 0.72 ಆಯ್ತು. ಕಿತ್ತದ್ದನ್ನ ಎಲ್ಲೂ ಬರೀಲಿಲ್ಲ. ಅಷ್ಟೇ ಅಲ್ಲ, ತಿಂಗಳು ಬಿಟ್ಟು 26 ಗೆಳತಿಯರಿಗೆ ಅದೇ ಪ್ರಶ್ನಾವಳಿ ಮತ್ತೆ ಕೊಟ್ಟಿದ್ದೆ. ಮೊದಲ ಸಲದ ಅಂಕಕ್ಕೂ ಎರಡನೇ ಸಲದ್ದಕ್ಕೂ ಸಂಬಂಧವೇ ಇರಲಿಲ್ಲ ಅನ್ನೋ ಹಾಗಿತ್ತು. ಆ ಪುಟ ಪ್ರಬಂಧಕ್ಕೆ ಸೇರಲೇ ಇಲ್ಲ. ವೈವಾದಲ್ಲಿ ಯಾರೂ ಕೇಳಲೂ ಇಲ್ಲ.

ಫೈಲ್ ಇನ್ನೂ ಇದೆ. ಹೆಸರು 'ಬೇಡದ್ದು'.