ಮಲ್ಟಿಪಲ್ ಸ್ಕ್ಲೆರೋಸಿಸ್ ಬರೀ ಬಿ12 ಕೊರತೆಯೇ? ಸತ್ಯಾಂಶ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯೇ ಇಲ್ಲ, ಅದು ಬರೀ ವಿಟಮಿನ್ ಬಿ12 ಕೊರತೆ, ಮಾತ್ರೆ ನುಂಗಿದರೆ ವಾಸಿ ಎನ್ನುವ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದು ಬರುತ್ತಲೇ ಇದೆ. ಇದು ತಪ್ಪು. ನಂಬಿದವರನ್ನು ಮಾತ್ರ ದೂರಲಾರೆ. ಲಕ್ಷಣಗಳು ಅಷ್ಟು ಹತ್ತಿರ. ಪಾದದಲ್ಲಿ ಜೋಮು, ನಡೆದರೆ ತೂರಾಟ, ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ವಾಲುವ ದೇಹ. ನರತಂತುಗಳ ಮಯಲಿನ್ ಹೊದಿಕೆ ಎರಡರಲ್ಲೂ ಹಾಳಾಗುತ್ತದೆ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅದರ ಮೇಲೆರಗುತ್ತದೆ, ಬಿ12 ಕೊರತೆಯಲ್ಲಿ ಅದನ್ನು ಕಾಪಾಡುವ ಪೋಷಕಾಂಶ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸ ಬಿ12ರ ಮೂಲ. ಹಾಗಾಗಿ ಸಸ್ಯಾಹಾರಿಗಳಲ್ಲಿ ಕೊರತೆ ಕಾಣುವುದು ಹೆಚ್ಚು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಲ್ಲೂ ಅಷ್ಟೇ.

ಇಂಥ ಸಂದೇಶ ಬಂದರೆ ಒಂದು ವಿಷಯ ಹುಡುಕಿ: ಯಾವ ಪರೀಕ್ಷೆಯ ಆಧಾರದಲ್ಲಿ ಹೀಗೆ ಹೇಳಿದ್ದಾರೆ? ಅದು ಕಾಣದಿದ್ದರೆ ಮುಂದೆ ಕಳಿಸಬೇಡಿ. ಎರಡು ದೊಡ್ಡ ಆಸ್ಪತ್ರೆಗಳ ಮಾಹಿತಿ ಪುಟ ತೆರೆದು ಹೋಲಿಸಿ. ವೈದ್ಯರು ರಕ್ತದ ಬಿ12 ಮಟ್ಟ, ಎಂಆರ್‌ಐ, ಬೇಕಾದಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆಯಿಂದ ಇವೆರಡನ್ನು ಬೇರ್ಪಡಿಸುತ್ತಾರೆ. ದಯವಿಟ್ಟು ರಕ್ತ ಕೊಡುವ ಮೊದಲೇ ಮಾತ್ರೆ ಶುರು ಮಾಡಬೇಡಿ, ವರದಿ ದಾರಿ ತಪ್ಪಿಸಬಹುದು. ಜೋಮು ಬಿಡದಿದ್ದರೆ ಬೇಗ ನರರೋಗ ತಜ್ಞರನ್ನು ಕಾಣಿ. ತಡವಾದರೆ ಬಿ12 ಕೊರತೆಯ ಹಾನಿಯೂ ಶಾಶ್ವತವಾಗಿ ಉಳಿಯಬಹುದು.