ಪಿಎಚ್‌ಡಿ ಮಾಡುವವರಿಗೆ ದುಡ್ಡು ಸಿಗ್ತದೆ ಅಂತ ನಮ್ಮ ಮನೆಗಳಿಗೆ ಯಾರು ಹೇಳ್ತಾರೆ?

ಪ್ಲಸ್ ಟು ರಿಸಲ್ಟ್ ಬಂದ ವಾರ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಫೋನ್ ಬರ್ಲಿಕ್ಕೆ ಶುರು ಆಗ್ತದೆ. ಕಾಲೇಜಲ್ಲಿ ಕೆಮಿಸ್ಟ್ರಿ ಕಲಿಸ್ತೇನೆ, ಊರಿನವನು ಬೇರೆ, ಹಾಗಾಗಿ ಕೇಳ್ತಾರೆ. "ಮಗಳಿಗೆ ಫಿಸಿಕ್ಸ್ ಅಂದ್ರೆ ಜೀವ ಸರ್, ಆದ್ರೆ ಬಿಎಸ್ಸಿ ಮಾಡಿ ಎಂತ ಮಾಡುದು, ನರ್ಸಿಂಗ್ ಆದ್ರೆ ಗಲ್ಫಿಗಾದ್ರೂ ಹೋಗಬಹುದಲ್ಲ." ಕೇಳುವವರು ತೋಟದ ಕೆಲಸಕ್ಕೆ ಹೋಗುವವರು, ಆಟೋ ಓಡಿಸುವವರು, ಬೀಡಿ ಕಟ್ಟುವವರು. ಅವರ ಪ್ರಶ್ನೆಯಲ್ಲಿ ಒಂದಿಷ್ಟೂ ತಪ್ಪಿಲ್ಲ. ಮನೆಯಲ್ಲಿ ಮೊದಲನೇ ಸಲ ಒಂದು ಮಗು ಹನ್ನೆರಡನೇ ಕ್ಲಾಸ್ ದಾಟಿದೆ, ಇನ್ನು ಎಷ್ಟು ವರ್ಷ ಓದಿಸಬೇಕು, ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕದೆ ಅವರಿಗೆ ಬೇರೆ ದಾರಿ ಇಲ್ಲ.

ಆದ್ರೆ ಆ ಲೆಕ್ಕದಲ್ಲಿ ಒಂದು ಅಂಕೆ ಯಾವಾಗಲೂ ಬಿಟ್ಟುಹೋಗಿರ್ತದೆ, ನಾನು ಹೇಳ್ಬೇಕು ಅಂತಿರುವುದು ಅದನ್ನೇ. ನಮ್ಮ ಮನೆಗಳಲ್ಲಿ ಓದು ಅಂದ್ರೆ ವರ್ಷದಿಂದ ವರ್ಷಕ್ಕೆ ಏರುವ ಖರ್ಚು. ಎಂಬಿಬಿಎಸ್, ಇಂಜಿನಿಯರಿಂಗ್ ನೋಡಿ ನೋಡಿ ಎಲ್ಲರಿಗೂ ಹಾಗೇ ಅಭ್ಯಾಸ ಆಗಿದೆ. ಬೇಸಿಕ್ ಸೈನ್ಸಲ್ಲಿ ಹಾಗಲ್ಲ, ಒಂದು ಹಂತ ದಾಟಿದ ಮೇಲೆ ದುಡ್ಡು ನಮ್ಮ ಕೈಯಿಂದ ಹೋಗುವ ಬದಲು ನಮ್ಮ ಕೈಗೆ ಬರ್ಲಿಕ್ಕೆ ಶುರು ಆಗ್ತದೆ. ಸಿಎಸ್‌ಐಆರ್ ನೆಟ್ ಅನ್ನುವ ಕೇಂದ್ರದ ಪರೀಕ್ಷೆ ಬರೆದು ಸಂಶೋಧನೆಗೆ ಕೊಡುವ ಜೂನಿಯರ್ ಫೆಲೋಶಿಪ್ ಜೆಆರ್‌ಎಫ್ ಸಿಕ್ಕಿದ್ರೆ ಈಗ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಸೀನಿಯರ್ ಅಂತ ಎಸ್‌ಆರ್‌ಎಫ್ ಆದ್ರೆ 42,000, ಹಾಸ್ಟೆಲ್ ಸಿಗದಿದ್ರೆ ಮನೆ ಬಾಡಿಗೆ ಬೇರೆ. 2023ರಿಂದ ಇದು ಚಾಲ್ತಿಯಲ್ಲಿ ಉಂಟು. ಬಿಎಸ್ಸಿ ಮುಗಿಸಿ ನೇರ, ಎಂಎಸ್ಸಿಯೂ ಒಟ್ಟಿಗೇ ಆಗುವ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಬೆಂಗಳೂರಿನ ಐಐಎಸ್‌ಸಿಗೋ ಮುಂಬೈಯ ಟಿಐಎಫ್‌ಆರ್‌ಗೋ ಸೇರಿದ್ರೆ ಮೊದಲ ವರ್ಷದಿಂದಲೇ ಸ್ಟೈಪೆಂಡ್. ಹನ್ನೆರಡರಲ್ಲಿ ಬೋರ್ಡಿನ ಮೇಲಿನ ನೂರಕ್ಕೆ ಒಂದು ಪಾಲಿನೊಳಗೆ ಬಂದು ಬಿಎಸ್ಸಿ ಸೇರಿದ ಮಕ್ಕಳಿಗೆ ಇನ್‌ಸ್ಪೈರ್ ಅಂತ ಒಂದು ಸ್ಕಾಲರ್‌ಶಿಪ್ ಉಂಟು, ವರ್ಷಕ್ಕೆ 80,000, ಅದರಲ್ಲಿ 60,000 ಮಗುವಿನ ಖರ್ಚಿಗೆ, ಉಳಿದ 20,000 ಬೇಸಿಗೆ ರಜೆಯಲ್ಲಿ ಮಾಡುವ ಪ್ರಾಜೆಕ್ಟಿಗೆ. ಇದನ್ನೆಲ್ಲ ಹೇಳಿದಾಗ ಫೋನಿನ ಆಚೆ ಕಡೆ ಒಂದು ನಿಮಿಷ ಮಾತೇ ಇರುವುದಿಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ನನಗೆ ಜೆಆರ್‌ಎಫ್ ಸಿಕ್ಕಿದಾಗ ಅದು 16,000 ಇತ್ತು. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ತಾ ಇದ್ರು, ಸಂಜೆಯೊಳಗೆ ಬ್ರಾಂಚಿಗೆ ಕೊಡ್ಲಿಕ್ಕೆ ಇತ್ತು. ನಾನು ಪಿಎಚ್‌ಡಿಗೆ ಸೇರ್ತೇನೆ ಅಂದೆ. ಎಲೆ ಸುತ್ತುವ ಕೈ ನಿಲ್ಲಿಸದೆ "ಎಷ್ಟು ಕಟ್ಟಬೇಕು" ಅಂತ ಕೇಳಿದ್ರು. ಕಟ್ಲಿಕ್ಕೆ ಇಲ್ಲ ಅಮ್ಮ, ಅವರೇ ಕೊಡ್ತಾರೆ ಅಂದೆ. ನಂಬ್ಲಿಲ್ಲ. ಎಲ್ಲೋ ಯಾರೋ ಮೋಸ ಮಾಡ್ತಾರೆ, ಪೇಪರಿಗೆ ಸೈನ್ ಹಾಕಿಸಿ ಆಮೇಲೆ ದುಡ್ಡು ಕೇಳ್ತಾರೆ ಅಂತ ಅವರ ಹೆದರಿಕೆ. ಪಕ್ಕದ ಮನೆಯ ಮಾಸ್ಟ್ರು ಬಂದು ಲೆಟರ್ ಓದಿ ಹೇಳಿದ ಮೇಲೆ ಸಮಾಧಾನ ಆಯ್ತು. ಇಷ್ಟು ದೊಡ್ಡ ವಿಷಯ ಒಂದು ಮನೆಗೆ ಗೊತ್ತಾಗ್ಲಿಕ್ಕೆ ಅಷ್ಟು ವರ್ಷ ಬೇಕಾಯ್ತು, ಅದೂ ಮಗ ಅಲ್ಲಿಗೆ ಮುಟ್ಟಿದ ಮೇಲೆ. ಮುಟ್ಟದೆ ನಡುವೆ ಬಿಟ್ಟವರು ನನ್ನ ಕ್ಲಾಸಲ್ಲೇ ಇದ್ರು, ನನಗಿಂತ ಲೆಕ್ಕದಲ್ಲಿ ಚುರುಕು ಇದ್ದವರು, ಅವರ ಮನೆಗೆ ಇದು ಇವತ್ತಿಗೂ ಗೊತ್ತಿಲ್ಲ.

ನಾನು ಡಿಗ್ರಿ ಮಾಡಿದ್ದು ಇಲ್ಲಿ ಕೇರಳದ ಸರ್ಕಾರಿ ಕಾಲೇಜಲ್ಲಿ, ಎಂಎಸ್ಸಿ ಗಡಿಯ ತಲಪಾಡಿ ಗೇಟಿನ ಆಚೆ ಕರ್ನಾಟಕದಲ್ಲಿ. ಎರಡೂ ಕಡೆಯ ಕ್ರಮ ಒಳಗಿನಿಂದ ನೋಡಿದ್ದೇನೆ, ಎರಡರಲ್ಲೂ ಒಳ್ಳೆಯದು ಉಂಟು, ಎರಡರಲ್ಲೂ ದೊಡ್ಡ ಓಟೆ ಉಂಟು.

ಕೇರಳದಲ್ಲಿ ಸುದ್ದಿ ಓಡಾಡ್ತದೆ. ಇದು ನಾನು ಮನಸಾರೆ ಒಪ್ಪುವ ಮಾತು. ಇಲ್ಲಿ ಊರೂರಿಗೆ ವಾಚನಾಲಯ, ಜನರಿಗೆ ವಿಜ್ಞಾನ ಮುಟ್ಟಿಸ್ಲಿಕ್ಕೆ 1962ರಿಂದ ಕೆಲಸ ಮಾಡ್ತಾ ಬಂದ ಶಾಸ್ತ್ರ ಸಾಹಿತ್ಯ ಪರಿಷತ್ತು, ಮಲಯಾಳ ಪೇಪರಲ್ಲಿ ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಅಂತ ಬರುವ ಪುಟ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಸೆಂಟರಿನವನೇ "ಈ ಸ್ಕಾಲರ್‌ಶಿಪ್ ಹಾಕಿದ್ಯಾ" ಅಂತ ಕೇಳುವ ರೂಢಿ. ಕಣ್ಣೂರು, ಪಯ್ಯನ್ನೂರು ಕಡೆಯ ಬಡ ಮನೆಯ ಹುಡುಗ ಐಐಟಿಗಳಲ್ಲಿ ಎಂಎಸ್ಸಿಗೆ ಸೇರ್ಲಿಕ್ಕೆ ಬರೆಯುವ ಜ್ಯಾಮ್ ಪರೀಕ್ಷೆ ಅಂದ್ರೆ ಎಂತ ಅಂತ ಬಿಎಸ್ಸಿ ಮೊದಲ ವರ್ಷದಲ್ಲೇ ತಿಳ್ಕೊಂಡಿರ್ತಾನೆ, ಯಾಕಂದ್ರೆ ಅವನ ಸೀನಿಯರ್ ಯಾರೋ ಐಐಟಿಗೆ ಎಂಎಸ್ಸಿಗೆ ಹೋಗಿರ್ತಾನೆ. ಆದ್ರೆ ಇದೆಲ್ಲ ಮಲಯಾಳದಲ್ಲಿ ನಡೀತದೆ. ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಮಗುವಿನ ಮನೆಗೆ ಆ ಪೇಪರ್ ಬರುವುದಿಲ್ಲ, ಮಂಗಳೂರಿನಿಂದ ಬರುವ ಕನ್ನಡ ಪೇಪರಲ್ಲಿ ಕರ್ನಾಟಕದ ಪಿಯುಸಿ, ಸಿಇಟಿ ಸುದ್ದಿ ಇರ್ತದೆ, ಅದರಲ್ಲಿ ಹೆಚ್ಚಿನದ್ದು ಈ ಮಗುವಿಗೆ ಸಂಬಂಧ ಇಲ್ಲ. ಎರಡು ಸರ್ಕಾರದ ಸುದ್ದಿಯ ನಡುವೆ ನಮ್ಮ ಮಕ್ಕಳಿಗೆ ಯಾವುದೂ ಸರಿಯಾಗಿ ಮುಟ್ಟುವುದಿಲ್ಲ.

ಇನ್ನೊಂದು ನೋವಿನ ವಿಷಯ. ಕಾಸರಗೋಡಿನ ಕನ್ನಡ ಮೀಡಿಯಂ ಹೈಸ್ಕೂಲುಗಳಿಗೆ ಕನ್ನಡ ಬಾರದ ಟೀಚರ್‌ಗಳನ್ನು ಹಾಕುವ ಬಗ್ಗೆ ಎಷ್ಟು ಸಲ ಪ್ರತಿಭಟನೆ ಆಗಿದೆ ಅಂತ ಇಲ್ಲಿಯವರಿಗೆ ಗೊತ್ತು. ಅದನ್ನು ಹೊರಗಿನವರು ಭಾಷೆ ಜಗಳ ಅಂತ ತಿಳ್ಕೊಳ್ತಾರೆ. ನಾನು ಅದನ್ನು ವಿಜ್ಞಾನದ ವಿಷಯ ಅಂತ ನೋಡ್ತೇನೆ, ಯಾಕಂದ್ರೆ ಜಗಳ ಆದದ್ದು ಗಣಿತದ, ಫಿಸಿಕಲ್ ಸೈನ್ಸಿನ ಪೋಸ್ಟಿಗೂ ಹೌದು. ಒಂಬತ್ತನೇ ಕ್ಲಾಸಲ್ಲಿ ವೇಗ, ವೇಗೋತ್ಕರ್ಷ ಬೇರೆ ಬೇರೆ ಅಂತ ಅರ್ಥ ಆಗುವ ಹೊತ್ತಿಗೆ ಟೀಚರ್ ಹೇಳುವ ಮಾತೇ ತಲೆಗೆ ಹೋಗದಿದ್ರೆ ಆ ಮಗು ಪ್ಲಸ್ ಟುನಲ್ಲಿ ಸೈನ್ಸ್ ತಕೊಳ್ಳುವ ಧೈರ್ಯ ಎಲ್ಲಿಂದ ತರ್ತದೆ? ದುಡ್ಡಿರುವವರು ಟ್ಯೂಷನ್ ಹಾಕ್ತಾರೆ. ಇಲ್ಲದವರು ತಮಗೆ ಸೈನ್ಸ್ ಹತ್ತುವುದಿಲ್ಲ ಅಂತ ತೀರ್ಮಾನ ಮಾಡಿಬಿಡ್ತಾರೆ, ಆಮೇಲೆ ಯಾವ ಫೆಲೋಶಿಪ್ ಇದ್ದು ಎಂತ ಪ್ರಯೋಜನ.

ಕರ್ನಾಟಕದ ಕಡೆ ಬಂದ್ರೆ ಅಲ್ಲಿಯ ದೊಡ್ಡ ಗುಣ ಹಾಸ್ಟೆಲ್. ಹಿಂದುಳಿದ ವರ್ಗ, ಎಸ್‌ಸಿ, ಎಸ್‌ಟಿ ಹಾಸ್ಟೆಲ್‌ಗಳು ತಾಲೂಕು ತಾಲೂಕಿಗೆ ಉಂಟು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ಊಟ ವಸತಿಗೆ ದುಡ್ಡು ಕೊಡುವ ಸ್ಕೀಮ್ ಬಂತು. ನನ್ನ ಜೊತೆ ಎಂಎಸ್ಸಿ ಮಾಡಿದ ರಾಯಚೂರು, ಕೊಪ್ಪಳ ಕಡೆಯ ಹುಡುಗರು ಆರನೇ ಕ್ಲಾಸಿನಿಂದ ಹಾಸ್ಟೆಲಲ್ಲೇ ಬೆಳೆದವರು, ಅದಿಲ್ಲದಿದ್ರೆ ಅವರು ಶಾಲೆಯೇ ಮುಗಿಸ್ತಿರ್ಲಿಲ್ಲ. ಆದ್ರೆ ಅವರಲ್ಲಿ ಎಷ್ಟೋ ಜನರಿಗೆ ನೆಟ್ ಪರೀಕ್ಷೆ ಅಂದ್ರೆ ಲೆಕ್ಚರರ್ ಆಗ್ಲಿಕ್ಕೆ ಬರೆಯುವುದು ಅಂತ ಮಾತ್ರ ಗೊತ್ತಿತ್ತು. ಬೆಂಗಳೂರಲ್ಲಿ 1909ರಿಂದ ಐಐಎಸ್‌ಸಿ ಉಂಟು, ರಾಮನ್ ಇನ್‌ಸ್ಟಿಟ್ಯೂಟ್ ಉಂಟು, ಎನ್‌ಸಿಬಿಎಸ್, ಜವಾಹರಲಾಲ್ ನೆಹರೂ ಸೆಂಟರ್, ಒಂದೇ ಊರಲ್ಲಿ ಇಷ್ಟು ವಿಜ್ಞಾನ ನಮ್ಮ ದೇಶದಲ್ಲಿ ಬೇರೆಲ್ಲೂ ಸಿಗುವುದು ಕಷ್ಟ. ಅದೇ ರಾಜ್ಯದಲ್ಲಿ ಪಿಯುಸಿ ಸೈನ್ಸ್ ಅಂದ್ರೆ ಸಿಇಟಿ ಮತ್ತು ನೀಟ್, ಅಷ್ಟೇ. ಎರಡು ವರ್ಷ ಮಕ್ಕಳನ್ನು ಅದಕ್ಕೇ ತಯಾರು ಮಾಡಿ, ಸೀಟ್ ಸಿಗದವರು ಬಿಎಸ್ಸಿಗೆ ಬರ್ತಾರೆ, ಸೋತು ಬಂದೆ ಅನ್ನುವ ಮುಖದಲ್ಲಿ. ಕಾಸರಗೋಡಿನವರಿಗೆ ಅಲ್ಲಿ ಗಡಿನಾಡ ಕನ್ನಡಿಗ ಅಂತ ಅರ್ಹತೆ ಉಂಟು, ಕನ್ನಡ ಪರೀಕ್ಷೆ ಬರೆದು ಪಾಸಾದ್ರೆ ಸಿಇಟಿ ಸೀಟಿಗೆ ಹೋಗಬಹುದು, ಅದಕ್ಕೆ ನಾನು ಕೃತಜ್ಞ. ಆದ್ರೆ ವಿದ್ಯಾಸಿರಿಯಂಥ ಸಹಾಯಕ್ಕೆ ಕರ್ನಾಟಕದ ವಾಸಸ್ಥಳ ಕೇಳ್ತಾರೆ, ಅಲ್ಲಿಗೆ ನಮ್ಮ ಮಕ್ಕಳು ಹೊರಗೆ.

ಇದಕ್ಕೇ ನಾನು ಇಲ್ಲಿಯ ಮಕ್ಕಳಿಗೆ ಕೇಂದ್ರದ ಸಂಸ್ಥೆಗಳ ಕಡೆ ನೋಡಿ ಅಂತ ಒತ್ತಿ ಹೇಳುವುದು. ಜ್ಯಾಮ್ ಬರೀಲಿಕ್ಕೆ, ಜೆಆರ್‌ಎಫ್ ತಕೊಳ್ಳಲಿಕ್ಕೆ ನೀನು ಯಾವ ರಾಜ್ಯದವ ಅಂತ ಯಾರೂ ಕೇಳುವುದಿಲ್ಲ. ಗಡಿಯಲ್ಲಿ ಹುಟ್ಟಿದ ಮಗುವಿಗೆ ಇದಕ್ಕಿಂತ ನ್ಯಾಯದ ಬಾಗಿಲು ಇನ್ನೊಂದಿಲ್ಲ. ನಮ್ಮ ಜಿಲ್ಲೆಯಲ್ಲೇ ಪೆರಿಯದಲ್ಲಿ 2009ರಿಂದ ಸೆಂಟ್ರಲ್ ಯೂನಿವರ್ಸಿಟಿ ಉಂಟು, ಕೂಡ್ಲಿನಲ್ಲಿ ತೆಂಗು ಅಡಿಕೆಯ ಮೇಲೆ ಕೆಲಸ ಮಾಡುವ ಸಿಪಿಸಿಆರ್‌ಐ ಉಂಟು, ಅದರ ಬೇರು 1916ರ ತೆಂಗು ಸಂಶೋಧನಾ ಕೇಂದ್ರದಲ್ಲಿ. ಅದರ ಗೇಟಿನ ಎದುರು ಬಸ್ಸಲ್ಲಿ ಹೋಗುವ ಅಡಿಕೆ ಸುಲಿಯುವವರ ಮಕ್ಕಳು ಎಷ್ಟು ಜನ ಒಂದು ದಿನವಾದ್ರೂ ಒಳಗೆ ಹೋಗಿ ಲ್ಯಾಬ್ ನೋಡಿದ್ದಾರೆ?

ಈಗ ದುಡ್ಡಿನ ಇನ್ನೊಂದು ಮುಖ, ಇದನ್ನು ಸ್ವಲ್ಪ ಬಿಡಿಸಿ ಹೇಳ್ಬೇಕು. ಸಹಾಯಧನ ಉಂಟು ಅನ್ನುವುದು ನಿಜ, ಆದ್ರೆ ಹೆಚ್ಚಿನದ್ದು ಮೊದಲು ನೀನು ಖರ್ಚು ಮಾಡು ಆಮೇಲೆ ಕೊಡ್ತೇವೆ ಅನ್ನುವ ಲೆಕ್ಕದ್ದು. ಸೈನ್ಸ್ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಎರಡು ತಿಂಗಳು ದೊಡ್ಡ ಲ್ಯಾಬಿಗೆ ಹೋಗುವ ಅವಕಾಶ ಉಂಟು, ಟ್ರೈನ್ ಚಾರ್ಜೂ ಕೊಡ್ತಾರೆ, ಆದ್ರೆ ಹೋಗುವಾಗ ಟಿಕೆಟ್, ಹೋದ ಊರಲ್ಲಿ ಮೊದಲ ತಿಂಗಳ ರೂಮು, ಊಟ ಎಲ್ಲ ಕೈಯಿಂದ. ಎಂಎಸ್ಸಿ ಸೇರುವ ದಿನ ಫೀಸು, ಕಾಷನ್ ಡೆಪಾಸಿಟ್, ಮೆಸ್ ಅಡ್ವಾನ್ಸ್ ಎಲ್ಲ ಒಟ್ಟಿಗೇ ಕಟ್ಟಬೇಕು, ಸ್ಕಾಲರ್‌ಶಿಪ್ ಬರುವುದು ವರ್ಷ ಮುಗಿಯುವ ಹೊತ್ತಿಗೆ. ಪಿಎಚ್‌ಡಿ ಸೇರಿದ ಮೇಲೂ ನನಗೆ ಮೊದಲ ಫೆಲೋಶಿಪ್ ಕೈಗೆ ಬರ್ಲಿಕ್ಕೆ ತಿಂಗಳುಗಟ್ಟಲೆ ಹಿಡಿಯಿತು, ಫೈಲ್ ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗ್ಲಿಕ್ಕೆ ಅಷ್ಟು ಸಮಯ. ಆ ತಿಂಗಳುಗಳಲ್ಲಿ ನಾನು ಮೆಸ್ ಬಿಲ್ ಕಟ್ಟಿದ್ದು ಅಮ್ಮ ಸಹಕಾರಿ ಬ್ಯಾಂಕಲ್ಲಿ ಕಿವಿಯ ಬೆಂಡೋಲೆ ಅಡವು ಇಟ್ಟ ದುಡ್ಡಲ್ಲಿ. ಮೇಲಿನ ಮಧ್ಯಮ ವರ್ಗದ ಮನೆಯಲ್ಲಿ ಈ ತಡ ಒಂದು ಕಿರಿಕಿರಿ ಅಷ್ಟೇ, ಅಪ್ಪ ಗೂಗಲ್ ಪೇ ಮಾಡ್ತಾರೆ. ನಮ್ಮಲ್ಲಿ ಓದು ನಿಲ್ಲುವುದೇ ಇಲ್ಲಿ. ಬಡ ಮಕ್ಕಳಿಗೆ ವಿಜ್ಞಾನ ಕಷ್ಟ ಅಂತ ಹೇಳುವವರು ಈ ಆರೆಂಟು ತಿಂಗಳಿನ ಲೆಕ್ಕ ಒಮ್ಮೆ ನೋಡ್ಲಿ.

ಕಷ್ಟಪಟ್ಟು ಓದಿದವರ ಕಥೆ ಹೇಳುವಾಗ ಎಲ್ಲರೂ ಎಚ್. ನರಸಿಂಹಯ್ಯನವರ ಹೆಸರು ಹೇಳ್ತಾರೆ, ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಓದ್ಲಿಕ್ಕೆ ಬಂದದ್ದು, ಮುಂದೆ ಅಮೆರಿಕಕ್ಕೆ ಹೋಗಿ ಓಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಪಿಎಚ್‌ಡಿ ಮಾಡಿದ್ದು. ನಾನೂ ಆ ಕಥೆ ಕೇಳಿ ಬೆಳೆದವನು, ಅವರ ಮೇಲೆ ನನಗೆ ಅಪಾರ ಗೌರವ. ಆದ್ರೆ ನಡೆದದ್ದನ್ನು ಹೇಳುವವರು, ಆ ಹುಡುಗನನ್ನು ಬೆಂಗಳೂರಿಗೆ ಬಾ ಅಂತ ಕರೆದ ಒಬ್ಬ ಮೇಷ್ಟ್ರು ಇದ್ರು ಅನ್ನುವುದನ್ನು ಬೇಗ ದಾಟಿ ಹೋಗ್ತಾರೆ. ನಮ್ಮ ಮಕ್ಕಳಿಗೆ ಛಲ ಕಡಿಮೆ ಏನಿಲ್ಲ, ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ ಕಾಲೇಜಿಗೆ ಬರುವ ಹುಡುಗ ನನ್ನ ಕ್ಲಾಸಲ್ಲಿ ಕೂತಿದ್ದಾನೆ. ಬಾ ಅಂತ ಕರೆಯುವವರು ಕಡಿಮೆ.

ಮತ್ತೆ ಇದು ನಮ್ಮ ಊರಿಗೆ ಯಾಕೆ ಇಷ್ಟು ಮುಖ್ಯ ಅಂತ ಕೇಳಿದ್ರೆ ನಾನು ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಹೆಸರು ಹೇಳ್ತೇನೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆ ಎರಡು ದಶಕಕ್ಕಿಂತ ಹೆಚ್ಚು ನಡೆದು 2000ದ ಹೊತ್ತಿಗೆ ನಿಂತಿತು. ಇದರಿಂದ ಮಕ್ಕಳಿಗೆ ಕಾಯಿಲೆ ಬರ್ತಾ ಉಂಟು ಅಂತ ಊರಿನ ಡಾಕ್ಟರು, ಪತ್ರಕರ್ತರು ಗಂಟಲು ಹರಿಯುವಷ್ಟು ಹೇಳಿದ ಮೇಲೆ ಅಹಮದಾಬಾದಿನ ಸಂಸ್ಥೆಯವರು ಬಂದು ಅಲ್ಲಿಯ ಪಡ್ರೆ ಗ್ರಾಮದ ಮಕ್ಕಳ ಆರೋಗ್ಯ ಪರೀಕ್ಷೆ ಮಾಡಿದ್ರು. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಆ ವರ್ಷಗಳಲ್ಲಿ ಒಂದರ ಮೇಲೊಂದು ಕಮಿಟಿ ಬಂತು, ವರದಿಗಳು ಒಂದಕ್ಕೊಂದು ವಿರುದ್ಧ, ತಾಯಂದಿರಿಗೆ ಆ ಕಾಗದದಲ್ಲಿ ಎಂತ ಬರೆದಿದೆ ಅಂತ ಓದಿ ಹೇಳುವವರು ಇರ್ಲಿಲ್ಲ. ನಮ್ಮ ನೀರಿನ, ಮಣ್ಣಿನ, ನಮ್ಮ ಮಕ್ಕಳ ರಕ್ತದ ಬಗ್ಗೆ ಮಾತಾಡ್ಲಿಕ್ಕೆ ನಮ್ಮದೇ ಮನೆಯಿಂದ ವಿಷದ ಬಗ್ಗೆ ಕಲಿತ ಒಬ್ಬ ಟಾಕ್ಸಿಕಾಲಜಿಸ್ಟ್, ಊರಲ್ಲಿ ರೋಗ ಯಾಕೆ ಬರ್ತದೆ ಅಂತ ಹುಡುಕುವ ಒಬ್ಬಳು ಎಪಿಡೆಮಿಯಾಲಜಿಸ್ಟ್ ಇದ್ದಿದ್ರೆ ಅಂತ ನನಗೆ ಇವತ್ತಿಗೂ ಅನಿಸ್ತದೆ.

ಹಾಗಾಗಿ ಇಲ್ಲಿಯ ಕನ್ನಡ ಸಂಘಗಳ ಹತ್ತಿರ, ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಹತ್ತಿರ ನಾನು ಕೇಳುವುದು ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ಅಂತ ಶಾಲು, ಸ್ಮರಣಿಕೆ ಕೊಡ್ತೀರಿ, ಮಕ್ಕಳಿಗೆ ಖುಷಿ ಆಗ್ತದೆ, ಅದು ಇರ್ಲಿ. ಅದರ ಜೊತೆಗೆ ಒಂದು ಮುಂಗಡ ನಿಧಿ ಮಾಡಿ. ಸೀಟ್ ಸಿಕ್ಕಿದ ಮಗುವಿಗೆ ಡೆಪಾಸಿಟ್, ಟ್ರೈನ್ ಟಿಕೆಟ್, ಮೊದಲ ಮೂರು ತಿಂಗಳ ಮೆಸ್ ಬಡ್ಡಿ ಇಲ್ಲದೆ ಕೊಡಿ, ಫೆಲೋಶಿಪ್ ಬಂದ ಮೇಲೆ ಅದೇ ಮಗು ವಾಪಸ್ ಹಾಕ್ತದೆ, ಮುಂದಿನವರಿಗೆ ಹೋಗ್ತದೆ. ನಮ್ಮ ಹೆಂಗಸರು ಕುಟುಂಬಶ್ರೀ ಉಳಿತಾಯ ಗುಂಪುಗಳಲ್ಲಿ ಇದೇ ರೀತಿ ದುಡ್ಡು ತಿರುಗಿಸಿ ತಿರುಗಿಸಿ ಮನೆ ಕಟ್ಟಿದ್ದಾರೆ, ಇದು ಆಗದ ಕೆಲಸ ಅಲ್ಲ. ಮತ್ತೆ ಬಿಎಸ್ಸಿ ಕೊನೆಯ ವರ್ಷದ ಮಕ್ಕಳ ಮನೆಗೆ ಹೋಗಿ, ಮಕ್ಕಳ ಹತ್ತಿರ ಅಲ್ಲ, ಅಪ್ಪ ಅಮ್ಮನ ಹತ್ತಿರ ಕೂತು ಅವರ ಮಾತಲ್ಲೇ ಮಾತಾಡಿ. ಜ್ಯಾಮ್ ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಅದಕ್ಕಿಂತ ತಿಂಗಳುಗಳ ಮೊದಲೇ ಮುಗೀತದೆ, ಓಣಂ ರಜೆಯ ಹೊತ್ತಿಗೆ ಹೋದ್ರೆ ಸರಿಯಾಗ್ತದೆ. ಈ ಸಲ ಬದಿಯಡ್ಕ ಕಡೆಗೆ ನಾನು ಹೋಗ್ತೇನೆ, ಮಂಜೇಶ್ವರ, ಕುಂಬಳೆ ಕಡೆಗೆ ಹೋಗುವವರು ಬೇಕು.